ನಾಲ್ಕು ಒಲೆಯ ಖಜಾಂಚಿ

ಹೋದ ತಿಂಗಳು ನಮ್ಮ ಕಾರ್ ಕ್ಲಬ್ಬಿನವರು ಆಕೆಯ ಹೆಸರಿನಲ್ಲಿ ಒಂದು ಕಪ್ ಇಟ್ಟರು. ಇಡಲಿ, ಸಂತೋಷ. ಆದರೆ ಯಾರಿಗೆ ಅಂತೀರಿ? ಎಲ್ಲರಿಗಿಂತ ವೇಗವಾಗಿ ಓಡಿಸಿದವನಿಗೆ! ಹೆಬ್ಬಾಳದ ಫ್ಲೈಓವರ್ ಖಾಲಿ ಬಿದ್ದಿದ್ದರೂ ನಲವತ್ತರ ವೇಗ ದಾಟದ ಹೆಂಗಸು ಅವರು. ಹಿಂದಿನವರು ಹಾರ್ನ್ ಹೊಡೆದು ಹೊಡೆದು ಕೈಸೋತು, ಪಕ್ಕದಿಂದ ದುರುಗುಟ್ಟಿಕೊಂಡು ಮುಂದೆ ಹೋದರೆ, "ಹೋಗ್ರಿಪಾ, ನಿಮಗ ಅವಸರ ಐತಿ, ನನಗಿಲ್ಲ" ಅಂತ ಕೈ ಬೀಸಿ ದಾರಿ ಬಿಡುತ್ತಿದ್ದರು. ಅಂಥವರ ಹೆಸರನ್ನು ಹಿತ್ತಾಳೆಯ ಮೇಲೆ ಕೆತ್ತಿಸಿ, ಅದರ ಕೆಳಗೆ 'ಅತಿ ವೇಗದ ಚಾಲಕ' ಅಂತ ಬರೆಸಿದ್ದಾರೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಕೈಕಟ್ಟಿ ನಿಂತಿದ್ದೆ. ಪಕ್ಕದವನೊಬ್ಬ "ಯಾಕ್ ಅಣ್ಣ, ಹೊಟ್ಟೆನೋವಾ?" ಅಂತ ಕೇಳಿದ. ಹೌದು ಕಣಪ್ಪಾ ಅಂದೆ.

ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ, ಆ ಕಪ್ಪಿನ ಮೇಲೆ ಬರೆದದ್ದೇ ಸಾಕು. ಕ್ಲಬ್ಬಿನಲ್ಲಿ ಎಲ್ಲರೂ ಅವರನ್ನು ಮೇಡಂ ಅನ್ನುತ್ತಿದ್ದೆವು. ಇಲ್ಲೂ ಹಾಗೇ ಕರೆಯುತ್ತೇನೆ.

ಮೇಡಂ ಗದಗಿನ ಕಡೆಯವರು. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಲೆಕ್ಕಪತ್ರ ವಿಭಾಗದಲ್ಲಿದ್ದು, ಶೆಟ್ಟಿಹಳ್ಳಿಯಲ್ಲಿ ಮನೆ ಕಟ್ಟಿಕೊಂಡು, ಇಷ್ಟು ವರ್ಷ ಬೆಂಗಳೂರಲ್ಲಿದ್ದರೂ ಮಾತಿನಲ್ಲಿ ಗದಗು ಬಿಟ್ಟು ಒಂದು ಹೆಜ್ಜೆ ಆಚೆ ಬಂದಿರಲಿಲ್ಲ. ಕ್ಲಬ್ಬಿಗೆ ಬಂದದ್ದು ಕಾರಿನ ಹುಚ್ಚಿನಿಂದಲ್ಲ. ಅವರ ಯಜಮಾನರಿಗೆ ಪಾರ್ಶ್ವವಾಯು ಬಡಿಯಿತು. ವಾರಕ್ಕೆರಡು ಸಲ ಫಿಸಿಯೋಥೆರಪಿಗೆ ಹೆಬ್ಬಾಳಕ್ಕೆ ಕರೆದುಕೊಂಡು ಹೋಗಬೇಕು. ವೀಲ್‌ಚೇರ್ ಕಂಡರೆ ಆಟೋದವರು ಮೀಟರಿನ ಬದಲು ಮುಖ ತಿರುಗಿಸುತ್ತಾರೆ. ಮನೆಯ ಮುಂದೆ ಯಜಮಾನರ ಪುಟ್ಟ ಬಿಳಿ ಕಾರು ಧೂಳು ಹೊದ್ದು ನಿಂತಿತ್ತು. ಐವತ್ತು ದಾಟಿದ ಮೇಲೆ ಈಯಮ್ಮ ಲೈಸೆನ್ಸ್ ಮಾಡಿಸಿಕೊಂಡರು. ಮಾಡಿಸಿಕೊಂಡರೇನು, ರಸ್ತೆಗಿಳಿಯಬೇಕಲ್ಲ? ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ಎರಡೂ ಕಡೆ ಲಾರಿ ಬಂದು ನಿಂತರೆ ಕಾಲು ಗಡಗಡ ನಡುಗಿ ಎಂಜಿನ್ ಬಂದ್ ಆಗುತ್ತಿತ್ತಂತೆ.

ಆ ಜಂಕ್ಷನ್ನಿನ ಪಕ್ಕದಲ್ಲೇ ನನ್ನ ಬಿಡಿಭಾಗಗಳ ಅಂಗಡಿ. ಒಂದು ದಿನ ಅಲ್ಲಿ ಕಾರು ನಿಂತುಹೋಗಿ, ಹಿಂದಿನವರೆಲ್ಲ ಬಾಯಿಗೆ ಬಂದದ್ದು ಬೈಯುತ್ತಿದ್ದಾಗ, ನಾನೇ ಹೋಗಿ ತಳ್ಳಿ ಅಂಗಡಿಯ ಮುಂದೆ ನಿಲ್ಲಿಸಿದೆ. ಹಿಂದಿನ ಸೀಟಿನಲ್ಲಿ ಯಜಮಾನರು. ಈಯಮ್ಮ ಸ್ಟೀರಿಂಗ್ ಬಿಡದೆ ಕೂತಿದ್ದಾರೆ, ಕಣ್ಣಲ್ಲಿ ನೀರು. "ಬಯ್ಯೂದೆಲ್ಲಾ ಕೇಳ್ತಾರ್ರೀ ಇವ್ರು, ಮಾತ ಬರಂಗಿಲ್ಲ ಅಷ್ಟ" ಅಂದರು. ಭಾನುವಾರ ಯಲಹಂಕದ ಹತ್ತಿರ ಕೋಗಿಲಿಗೆ ಬನ್ನಿ ಮೇಡಂ, ನಮ್ಮ ಕ್ಲಬ್ಬಿನಲ್ಲಿ ಬ್ರೇಕ್ ಹಾಕುವುದನ್ನು ಕಲಿಸುತ್ತೇವೆ, ದುಡ್ಡಿಲ್ಲ ಕಾಸಿಲ್ಲ ಅಂದೆ. ಆ ಕ್ಲಾಸು ನಡೆಸುತ್ತಿದ್ದವನು ನಾನೇ.

ನಮ್ಮ ಕ್ಲಬ್ಬಿನಲ್ಲಿ ಆಗ ನಾಲ್ಕು ಬಗೆಯ ಓಡಾಟ. ಒಂದು, ಭಾನುವಾರದ ತಿಂಡಿ ಡ್ರೈವು: ಸಾಲಾಗಿ ನಂದಿಯ ಕಡೆ ಹೋಗಿ ಇಡ್ಲಿ ತಿಂದು ಫೋಟೋ ತೆಗೆಸಿಕೊಂಡು ಬರುವುದು. ಇನ್ನೊಂದು ರ‍್ಯಾಲಿ, ಹಾದಿ ಹುಡುಕಿಕೊಂಡು ಹೇಳಿದ ಸಮಯಕ್ಕೆ ಸರಿಯಾಗಿ ತಲುಪುವುದು. ಮೂರನೆಯದು ಆಟೋಕ್ರಾಸು. ಬಯಲಿನಲ್ಲಿ ಟ್ರಾಫಿಕ್ ಕೋನುಗಳನ್ನಿಟ್ಟು ಅವುಗಳ ಮಧ್ಯೆ ಗಡಿಯಾರದ ಜೊತೆ ರೇಸು. ಕೊನೆಯದು ನಮ್ಮ ಬಡಪಾಯಿ ಬ್ರೇಕ್ ಕ್ಲಾಸು. ಕೋಗಿಲಿನಾಚೆ ಒಂದು ಹಳೆಯ ಲಾರಿ ಯಾರ್ಡನ್ನು ಭಾನುವಾರವಿಡೀ ಬಾಡಿಗೆಗೆ ಹಿಡಿದಿದ್ದೆವು. ಆಟೋಕ್ರಾಸಿನವರು ತಿಂಡಿ ತಿಂದು ಬರುವುದಕ್ಕೆ ಮುಂಚೆ, ಬೆಳಗಿನ ತಂಪಿನಲ್ಲಿ, ಟ್ಯಾಂಕರಿನ ನೀರು ಚೆಲ್ಲಿ ಕಾಂಕ್ರೀಟು ಒದ್ದೆ ಮಾಡಿ, ಹೊಸದಾಗಿ ಕಾರು ಕಲಿತವರನ್ನು ಓಡಿಸಿಕೊಂಡು ಬರಹೇಳಿ, ಗೆರೆಯ ಹತ್ತಿರ ಪೂರ್ತಿ ಬ್ರೇಕ್ ಒತ್ತಿಸುವುದು. ಕಾರು ಜಾರುತ್ತದೆ, ಪೆಡಲು ಕಾಲಡಿಯಲ್ಲಿ ನಡುಗುತ್ತದೆ, ಜೀವ ಬಾಯಿಗೆ ಬರುತ್ತದೆ. ಒಂದು ಸಲ ಇಲ್ಲಿ ಹೆದರಿದರೆ ರಸ್ತೆಯಲ್ಲಿ ಹೆದರುವುದಿಲ್ಲ. ಅಷ್ಟೇ ಪಾಠ.

ಮೇಡಂ ಮೊದಲ ಸಲ ಬ್ರೇಕ್ ಒತ್ತಿದಾಗ "ಯಪ್ಪಾ!" ಅಂತ ಕೂಗಿದ್ದು ಗೇಟಿನವರೆಗೂ ಕೇಳಿಸಿತು. ಕಾರು ಕೋನಿಗೆ ತಾಗದೆ ಗಕ್ಕನೆ ನಿಂತಿತು. ಇಳಿಯುತ್ತಾರೇನೋ ಅಂತ ಕಾದೆ. ಇಳಿಯಲಿಲ್ಲ. ಗಾಜು ಇಳಿಸಿ ಕೇಳಿದರು: "ಅಣ್ಣಾರ, ಇನ್ನೊಮ್ಮೆ ಮಾಡ್ಲ್ಯಾ?" ಆವತ್ತು ಟ್ಯಾಂಕರಿನ ನೀರು ಮುಗಿಯುವವರೆಗೂ ಮಾಡಿದರು. ಮುಂದಿನ ವಾರದಿಂದ ಯಜಮಾನರನ್ನು ಹಿಂದೆ ಕೂರಿಸಿಕೊಂಡು, ನನ್ನ ಅಂಗಡಿಯ ಮುಂದೆ ಸಣ್ಣಗೆ ಒಂದು ಹಾರ್ನ್ ಕೊಟ್ಟು, ಲಾರಿಗಳ ಮಧ್ಯೆ ಮಹಾರಾಣಿಯ ಹಾಗೆ ಹೋಗುವುದು ಶುರುವಾಯಿತು. ಆ ಹಾರ್ನ್ ಕೇಳಿದರೆ ನನಗೆ ಆ ದಿನವೆಲ್ಲ ಖುಷಿ.

ಋಣ ಇಟ್ಟುಕೊಳ್ಳುವ ಜಾಯಮಾನ ಅವರದಲ್ಲ. ಏನಾದರೂ ಕೆಲಸ ಕೊಡ್ರಿ ಅಂತ ದುಂಬಾಲು ಬಿದ್ದರು. ಆಗ ನಮ್ಮ ಕ್ಲಬ್ಬಿನ ಹಣಕಾಸು ಹೇಗಿತ್ತು ಅಂದರೆ, ಎತ್ತು ಏರಿಗೆ ಕೋಣ ನೀರಿಗೆ. ರ‍್ಯಾಲಿಯ ದುಡ್ಡಿನಲ್ಲಿ ತಿಂಡಿ ಡ್ರೈವಿನ ಇಡ್ಲಿ, ಇಡ್ಲಿಯ ದುಡ್ಡಿನಲ್ಲಿ ಆಟೋಕ್ರಾಸಿನ ಟ್ರೋಫಿ. ಯಾರು ಯಾರಿಗೆ ಕೊಡಬೇಕು ಅಂತ ಕೇಳಿದರೆ ಜಗಳ. ಮೇಡಂ ಖಜಾಂಚಿಯಾದರು. ಮೊದಲ ಸಭೆಯಲ್ಲೇ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದು ನಿಂತು, "ನೋಡ್ರಿ, ಇದು ನಾಲ್ಕ ಮಂದಿ ಸೊಸ್ತ್ಯಾರ ಮನಿ. ಅವರವರ ಒಲಿಗೆ ಅವರವರ ಕಟ್ಟಿಗಿ. ಒಬ್ಬಾಕಿ ಕಟ್ಟಿಗಿ ಇನ್ನೊಬ್ಬಾಕಿ ಒಲ್ಯಾಗ ಹೋಗಂಗಿಲ್ಲ. ವರ್ಷದ ಕಡೀಕೆ ಯಾರಿಗೆ ಎಷ್ಟ ಉಳೀತದೋ ಅದು ಅತ್ತಿ ಡಬ್ಬಿಗೆ ಬರಬೇಕು. ಆ ಡಬ್ಬಿ ತೆಗೀಬೇಕಂದ್ರ ಎಲ್ಲಾರನ್ನೂ ಕೇಳೇ ತೆಗೀಬೇಕು" ಅಂದರು. ಎಲ್ಲರೂ ನಕ್ಕರು. ನಕ್ಕವರಿಗೆ ಆಮೇಲೆ ಗೊತ್ತಾಯಿತು, ಈಯಮ್ಮ ತಮಾಷೆ ಮಾಡಿರಲಿಲ್ಲ ಅಂತ.

ಬ್ರೇಕ್ ಕ್ಲಾಸಿಗೆ ಫೀಸಿಲ್ಲ, ಅಂದಮೇಲೆ ಕಟ್ಟಿಗೆಯೂ ಇಲ್ಲ. ಅದು ಉರಿಯುತ್ತಿದ್ದದ್ದು ಅತ್ತೆಯ ಡಬ್ಬಿಯಿಂದ. ವರ್ಷಕ್ಕೊಮ್ಮೆ ಸಭೆಯಲ್ಲಿ ಮೇಡಂ ಎದ್ದು ನಿಂತು, ಟ್ಯಾಂಕರಿಗಿಷ್ಟು, ಟಯರಿಗಿಷ್ಟು, ಆಂಬುಲೆನ್ಸಿಗಿಷ್ಟು ಕೊಡ್ತೀರೇನ್ರಿ ಅಂತ ಕೇಳುವರು. ಸಣ್ಣ ಮೊತ್ತ. ಎಲ್ಲರೂ ಕೈ ಎತ್ತುತ್ತಿದ್ದರು. ನಾನೊಮ್ಮೆ, ಪ್ರತಿ ವರ್ಷ ಯಾಕೆ ಭಿಕ್ಷೆ ಬೇಡ್ತೀರಿ ಮೇಡಂ, ಸುಮ್ಮನೆ ತಗೊಳ್ಳಿ ಅಂದೆ. "ಕೇಳಿ ತಗೊಂಡ್ರ ದಾನ ಅಣ್ಣಾರ, ಕೇಳಲಾರ್ದ ತಗೊಂಡ್ರ ಕಳವು" ಅಂದರು.

ಅವರ ಹಟದ ಕತೆ ಒಂದೆರಡಲ್ಲ. ಒಮ್ಮೆ ಆಟೋಕ್ರಾಸಿನ ಹಿಂದಿನ ದಿನ, ಕೋನುಗಳನ್ನೆಲ್ಲ ಯಾರೋ ಟೆಂಪೋದಲ್ಲಿ ಮರೆತು ಕಳೆದುಹಾಕಿದರು. ಹೊಸದು ಕೊಳ್ಳಲು ಆ ಒಲೆಯಲ್ಲಿ ಕಟ್ಟಿಗೆ ಇಲ್ಲ. ತಿಂಡಿ ಡ್ರೈವಿನ ದುಡ್ಡು ಇತ್ತು. ನಾಳೆ ಸಂಜೆಯೇ ವಾಪಸ್ ಹಾಕ್ತೀವಿ ಮೇಡಂ, ದೇವರಾಣೆ ಅಂತ ಹುಡುಗರು ಕೈಕಾಲು ಹಿಡಿದರು. ಊಹೂಂ. "ಅದು ಇಡ್ಲಿ ರೊಕ್ಕ. ಇಡ್ಲಿ ತಿನ್ನೋರು ಕೊಟ್ಟಾರ." ಭಾನುವಾರ ಬೆಳಿಗ್ಗೆ ನೋಡಿದರೆ ಅವರ ಪುಟ್ಟ ಬಿಳಿ ಕಾರಿನ ತುಂಬ, ಡಿಕ್ಕಿಯಲ್ಲಿ, ಯಜಮಾನರ ತೊಡೆಯ ಮೇಲೆ ಕೂಡ, ಬಣ್ಣಬಣ್ಣದ ಪ್ಲಾಸ್ಟಿಕ್ ಬಿಂದಿಗೆಗಳು! ಯಶವಂತಪುರದ ಮಾರ್ಕೆಟ್ಟಿನಿಂದ ಸ್ವಂತ ದುಡ್ಡಿನಲ್ಲಿ ತಂದಿದ್ದರು. ಅರ್ಧ ನೀರು ತುಂಬಿ ಸಾಲಾಗಿ ಇಟ್ಟೆವು. ಲಕ್ಷಗಟ್ಟಲೆ ಸುರಿದು ಕೊಂಡ ಕಾರುಗಳು ಬಿಂದಿಗೆಗೆ ಗುದ್ದಿ, ನೀರು ಬಾನೆತ್ತರ ಹಾರಿ, ಆವತ್ತು ನಕ್ಕಷ್ಟು ನಾವು ಮತ್ತೆಂದೂ ನಗಲಿಲ್ಲ. ಸಂಜೆ ಒಡೆಯದೆ ಉಳಿದ ಬಿಂದಿಗೆಗಳನ್ನು ಮೇಡಂ ವಾಪಸ್ ಒಯ್ದರು. "ಇವು ಕ್ಲಬ್ಬಿನವಲ್ಲ, ನನ್ನವು."

ಮಳೆ ಬಂದು ರ‍್ಯಾಲಿ ನಿಂತುಹೋದಾಗ ಪ್ರತಿಯೊಬ್ಬನಿಗೂ ಫೀಸು ವಾಪಸ್ ಕೊಟ್ಟರು, ತಿನ್ನದ ಪೊಟ್ಟಣದ ಊಟದ ದುಡ್ಡನ್ನೂ ಸೇರಿಸಿ. ಇರಲಿ ಬಿಡಿ ಮೇಡಂ ಅಂದವನ ಮನೆಗೇ ಹೋಗಿ ಕೊಟ್ಟು ಬಂದರು. ಕ್ಲಬ್ಬಿನದೊಂದು ಹಳೆಯ ಕಾರನ್ನು ನಾವು ಬ್ರೇಕ್ ಕ್ಲಾಸಿಗೆ ಇಟ್ಟುಕೊಂಡಿದ್ದೆವು, ಸ್ವಂತ ಕಾರಿಲ್ಲದವರಿಗಾಗಿ. ಆಟೋಕ್ರಾಸಿನವರು, ನಮ್ಮ ಸವೆದ ಟಯರ್ ಅದಕ್ಕೆ ಹಾಕ್ಕೊಳಿ, ಫ್ರೀ ಅಂದರು. ಮೇಡಂ ಕಣ್ಣು ಕೆಂಪಾಯಿತು. ಕಲಿಯುವವರಿಗೆ ಹೊಸ ಟಯರೇ ಆಗಬೇಕು ಅಂತ ಪಟ್ಟು ಹಿಡಿದರು. "ಸವದ ಟಯರ್ ಮ್ಯಾಲ ಧೈರ್ಯ ಕಲಸ್ತೀರೇನು?" ಅಂತ ಅವರು ಕೇಳಿದ್ದು ನನಗೆ ಇವತ್ತಿಗೂ ಕಿವಿಯಲ್ಲಿದೆ.

ಹೊಸದಾಗಿ ಬಂದ ಹೆಂಗಸರು ಹೆದರಿ ಅತ್ತರೆ ನಾನು ಟ್ಯಾಂಕರಿನ ಕಡೆ ಹೋಗಿಬಿಡುತ್ತಿದ್ದೆ. ಮೇಡಂ ಹೋಗಿ ಪಕ್ಕದ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಳ್ಳುತ್ತಿದ್ದರು. ಒಳಗೆ ಏನು ಹೇಳುತ್ತಿದ್ದರೋ ದೇವರೇ ಬಲ್ಲ. ಸ್ವಲ್ಪ ಹೊತ್ತಿಗೆ ಕಾರು ಹೊರಡುತ್ತಿತ್ತು, ಗೆರೆಯ ಹತ್ತಿರ ಎರಡು ಗಂಟಲು ಒಟ್ಟಿಗೆ "ಯಪ್ಪಾ!" ಅನ್ನುತ್ತಿದ್ದವು. ಒಬ್ಬಾಕೆ ನರ್ಸು, ಒಬ್ಬಾಕೆ ಶಾಲೆಯ ವ್ಯಾನ್ ಓಡಿಸಲು ಹೊರಟವಳು, ಒಬ್ಬಾಕೆ ಗಂಡ ಕೈಕೊಟ್ಟ ಮೇಲೆ ಕ್ಯಾಬ್ ಓಡಿಸಲು ಬಂದವಳು. ಅವರೆಲ್ಲ ಮೇಡಂ ಕಾಲಿಗೆ ಬೀಳಲು ಬಂದರೆ, "ಬ್ರೇಕಿಗೆ ಬೀಳವ್ವಾ, ನನಗ್ಯಾಕ" ಅನ್ನುತ್ತಿದ್ದರು.

ಇಂಥ ಕ್ಲಾಸು ಮುಚ್ಚಿತು ಅಂದರೆ ನಂಬುತ್ತೀರಾ? ಮುಚ್ಚಿತು. ಯಾರೋ ಕೆಟ್ಟವರು ಬಂದು ಮುಚ್ಚಿದ್ದರೆ ನಾನು ಅವರನ್ನು ಬೈದು ಹಗುರಾಗುತ್ತಿದ್ದೆ.

ಹೊಸ ಕಮಿಟಿ ಬಂತು. ಹೊಸ ಅಧ್ಯಕ್ಷ ಆಟೋಕ್ರಾಸಿನವನು, ಯಲಹಂಕದಲ್ಲಿ ಅಪಾರ್ಟ್‌ಮೆಂಟ್ ಕಟ್ಟಿಸುವ ಪೈಕಿ. ಒಳ್ಳೆಯ ಹುಡುಗನೇ, ಸಿಕ್ಕಿದಲ್ಲೆಲ್ಲ ನಮಸ್ಕಾರ ಹಾಕುವವನು. ಯಾವ ಪ್ರೋಗ್ರಾಂನಲ್ಲಿ ಎಷ್ಟು ಲಾಭ, ಎಷ್ಟು ನಷ್ಟ ಅಂತ ಒಂದು ಹಾಳೆಯಲ್ಲಿ ಬೇಕು ಮೇಡಂ, ಸ್ಪಾನ್ಸರ್‌ಗಳು ಕೇಳ್ತಾರೆ ಅಂದ. ಮೇಡಂ, ಆತು, ಮಾಡಿ ಕೊಡ್ತೀನಿ ಅಂದರು.

ಸಭೆಗೆ ಮುಂಚೆ ನಾನು ಶೆಟ್ಟಿಹಳ್ಳಿಯ ಮನೆಗೆ ಹೋಗಿದ್ದೆ, ಯಜಮಾನರನ್ನು ಮಾತಾಡಿಸಿಕೊಂಡು ಬರೋಣ ಅಂತ. ಮೇಡಂ ಚಾ ಕೊಟ್ಟು, ಊಟದ ಮೇಜಿನ ಮೇಲಿದ್ದ ಹಾಳೆಯನ್ನು ನನ್ನ ಕಡೆ ತಿರುಗಿಸಿದರು. ಯಾರ್ಡಿನ ಬಾಡಿಗೆ ಯಾವತ್ತೂ ಪೂರ್ತಿ ಆಟೋಕ್ರಾಸಿನ ಲೆಕ್ಕದಲ್ಲೇ ಇರುತ್ತಿತ್ತು. ಮೊದಲು ಯಾರ್ಡ್ ಹಿಡಿದವರು ಅವರು, ಬೆಳಗಿನ ಹೊತ್ತು ಖಾಲಿ ಬಿದ್ದಿದ್ದ ಜಾಗದಲ್ಲಿ ನಾವು ನುಸುಳಿದವರು. ಯಾರೂ ಕೇಳಿರಲಿಲ್ಲ, ಯಾರಿಗೂ ತೋಚಿರಲೂ ಇಲ್ಲ. ಈಗ ಮೇಡಂ ಆ ಬಾಡಿಗೆಯನ್ನು ಗಂಟೆಯ ಲೆಕ್ಕದಲ್ಲಿ ಸೀಳಿ, ಬೆಳಗಿನ ಪಾಲನ್ನು ತಂದು ಬ್ರೇಕ್ ಕ್ಲಾಸಿನ ತಲೆಯ ಮೇಲೆ ಹಾಕಿದ್ದರು. ಸಣ್ಣ ನಷ್ಟದ ಕ್ಲಾಸು ದೊಡ್ಡ ನಷ್ಟದ ಕ್ಲಾಸಾಗಿತ್ತು.

"ಮೇಡಂ, ಯಾರು ಕೇಳಿದ್ರು ನಿಮ್ಮನ್ನ ಇದನ್ನ? ಬಾಡಿಗೆ ಹಳೇ ಥರಾನೇ ಅವರ ಮೇಲೇ ಇರ್ಲಿ ಬಿಡಿ. ಅವರಿಗೇ ಗೊತ್ತಿಲ್ಲ!"

"ನನಗ ಗೊತ್ತೈತಲ್ರೀ."

"ನಮ್ಮ ಕಾಲ ಮೇಲೆ ನಾವೇ ಕಲ್ಲು ಹಾಕ್ಕೊಂಡಂಗೆ ಆಗುತ್ತೆ. ಕ್ಲಾಸೇ ಹೋಗ್ಬಿಡುತ್ತೆ ಮೇಡಂ."

ಅವರು ಯಜಮಾನರ ಬಾಯಿಯಂಚಿನ ಚಾ ಒರೆಸಿದರು. ಆಮೇಲೆ ಅಂದರು: "ಅಣ್ಣಾರ, ಇಷ್ಟ ವರ್ಷ ನಾ ಎಲ್ಲಾರಿಗೂ ಏನ್ ಹೇಳೇನಿ? ಅವರವರ ಒಲಿಗೆ ಅವರವರ ಕಟ್ಟಿಗಿ ಅಂತ. ಕೋನಿಗೆ ರೊಕ್ಕ ಕೇಳಿದ ಹುಡುಗರಿಗೆ ಇಲ್ಲಂದೇನಿ. ಈಗ ನನಗ ಬೇಕಾದ ಒಲಿಗೆ ಮಂದಿ ಕಟ್ಟಿಗಿ ಕದ್ದ ಹಾಕ್ಲೇನು? ಇದ್ದದ್ದು ಇದ್ದಂಗ ತೋರಸ್ತೀನಿ. ತೋರಿಸಿ ಕೇಳ್ತೀನಿ. ಕೊಡ್ತಾರ. ನಮ್ಮ ಮಂದೀನ ಅಲ್ಲೇನ್ರೀ ಎಲ್ಲಾರೂ?"

ಕೊಡ್ತಾರ ಅನ್ನುವಾಗ ಅವರ ಮುಖದಲ್ಲಿ ಒಂದು ಚೂರೂ ಅನುಮಾನ ಇರಲಿಲ್ಲ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ಆದರೆ ಆವತ್ತು ಬರಲಿಲ್ಲ. ಭಯವಾಯಿತು.

ಸಭೆ ಆರ್.ಟಿ. ನಗರದಲ್ಲಿ, ನಮ್ಮ ಕ್ಲಬ್ಬಿನ ರೂಮಿನಲ್ಲಿ. ಮೇಡಂ ಹಾಳೆ ಹಂಚಿದರು, ಸಾಲುಸಾಲಾಗಿ ಓದಿದರು. ಬಾಡಿಗೆಯ ವಿಷಯಕ್ಕೆ ಬಂದಾಗ, ಇದು ಇಷ್ಟು ವರ್ಷ ತಪ್ಪಾಗಿ ಆಟೋಕ್ರಾಸಿನ ಮೇಲೆ ಬಿದ್ದಿತ್ತು, ಸರಿ ಮಾಡಿದ್ದೇನೆ ಅಂತ ಅವರೇ ಎತ್ತಿ ಹೇಳಿದರು. ಅಧ್ಯಕ್ಷ ಎದ್ದು ನಿಂತ. "ಮೊದಲು ಮೇಡಂಗೆ ಒಂದು ದೊಡ್ಡ ಚಪ್ಪಾಳೆ ಗುರು! ಇಷ್ಟು ಓಪನ್ ಆಗಿ ಯಾವ ಕ್ಲಬ್ಬಲ್ಲೂ ಲೆಕ್ಕ ಕೊಡಲ್ಲ." ಜೋರು ಚಪ್ಪಾಳೆ. ಮೇಡಂ ನಾಚಿಕೊಂಡರು. ಚಪ್ಪಾಳೆ ನಿಂತ ಮೇಲೆ ಅವನು ದನಿ ತಗ್ಗಿಸಿದ. "ಈಗ ಬ್ರೇಕ್ ಕ್ಲಾಸ್ ವಿಷ್ಯ. ನಂಗೂ ಬೇಜಾರೇ. ಆದ್ರೆ ಮೇಡಂ ಯಾವಾಗ್ಲೂ ಹೇಳೋದು ಅದೇ ಅಲ್ವಾ, ಅವರವರ ಒಲೆಗೆ ಅವರವರ ಕಟ್ಟಿಗೆ? ಮೂರು ಪ್ರೋಗ್ರಾಂ ಅವುಗಳ ಕಾಲ ಮೇಲೆ ಅವು ನಿಂತಿವೆ. ಒಂದು ನಿಂತಿಲ್ಲ. ಏನ್ ಮಾಡೋಣ ನೀವೇ ಹೇಳಿ."

ಮೇಡಂ ಎದ್ದರು. ಕೇಳಿದರು. ಪ್ರತಿ ವರ್ಷ ಕೇಳುವ ಹಾಗೇ, ಅದೇ ದನಿಯಲ್ಲಿ: "ಅತ್ತಿ ಡಬ್ಬಿಯಿಂದ ಕೊಡ್ತೀರೇನ್ರಿ?"

ನಾನು ಕೈ ಎತ್ತಿದೆ. ಇನ್ನೂ ಅಲ್ಲೊಂದು ಇಲ್ಲೊಂದು ಕೈ. ತಿಂಡಿ ಡ್ರೈವಿನವರು ಪೂರ್ತಿ ಒಂದು ಸಾಲು ಕೂತಿದ್ದರು. ತಿನ್ನದ ಊಟದ ದುಡ್ಡನ್ನು ಮನೆಬಾಗಿಲಲ್ಲೇ ವಾಪಸ್ ಪಡೆದಿದ್ದವನೂ ಆ ಸಾಲಿನಲ್ಲೇ ಇದ್ದ. ಒಬ್ಬ ಫೋನ್ ನೋಡುತ್ತಿದ್ದ, ಒಬ್ಬ ಸಮೋಸ ಬಂತಾ ಅಂತ ಬಾಗಿಲ ಕಡೆ ನೋಡುತ್ತಿದ್ದ. ದುಷ್ಟರಲ್ಲ ಕಣ್ರೀ ಯಾರೂ. ಕೈ ಎತ್ತಲಿಲ್ಲ, ಅಷ್ಟೇ. ನಾನು ಎದ್ದು ಬಾಯಿ ತೆರೆದೆ, ಥೂ ನಿಮ್ಮ, ಅನ್ನುವಷ್ಟರಲ್ಲಿ ಮೇಡಂ ನನ್ನ ತೋಳು ಹಿಡಿದು ಕೂರಿಸಿದರು. ನಿರ್ಣಯವನ್ನು ತಾವೇ ಬರೆದುಕೊಂಡರು, ದುಂಡಗಿನ ಅಕ್ಷರದಲ್ಲಿ: ಬ್ರೇಕ್ ಕ್ಲಾಸು ನಿಲ್ಲಿಸಲಾಗಿದೆ.

ಹೊರಗೆ ಬಂದು ಕಾರಿನ ಹತ್ತಿರ ನಿಂತಾಗ ಒಂದೇ ಒಂದು ಮಾತಂದರು. "ಕೊಡ್ತಾರ ಅಂದಿದ್ದೆ ಅಣ್ಣಾರ." ನಾನು ಮನೆಗೆ ಬಂದು ಹೆಂಡತಿಯ ಮುಂದೆ ಅತ್ತುಬಿಟ್ಟೆ.

ಅದಾದ ಮೇಲೂ ಅವಧಿ ಮುಗಿಯುವವರೆಗೆ ಅವರೇ ಖಜಾಂಚಿ. ಬಿಟ್ಟು ಬನ್ನಿ ಮೇಡಂ, ಅವರ ಮುಖಕ್ಕೆ ಹೊಡೆದ ಹಾಗಾಗಲಿ ಅಂದೆ. ಹಿಡಿದ ಕೆಲಸ ನಡುವೆ ಬಿಡಬಾರದು ಅಂದರು. ನಾನು ಕ್ಲಬ್ಬಿಗೆ ಹೋಗುವುದನ್ನೇ ಬಿಟ್ಟೆ. ಒಂದು ದಿನ ಕೋಗಿಲಿನ ಯಾರ್ಡಿನ ಮಾಲೀಕ ಬ್ಯಾಟರಿ ಕೊಳ್ಳಲು ಅಂಗಡಿಗೆ ಬಂದ. ಅಲ್ಲಿಯ ಹಳೆಯ ಕುಳ, ಆ ಜಾಗದಲ್ಲಿ ಹಿಂದೆ ರಾಗಿ ಬೆಳೆಯುತ್ತಿದ್ದವನು. ಅವನು ಅಂದ: "ಅಲ್ಲಾ ಸ್ವಾಮಿ, ನಿಮ್ ಮೇಡಮ್ಮೋರು ಭಾನ್ವಾರ ಭಾನ್ವಾರ ಬೆಳಿಗ್ಗೇನೆ ಬಂದು ಗೇಟ್ ಅತ್ರ ಕಾರ್ ಆಕ್ಕೊಂಡು ಕುಂತಿರ್ತಾರೆ. ಕ್ಲಾಸ್ ಇಲ್ವಲ್ಲಮ್ಮ ಅಂದ್ರೆ, ಯಾರಾದ್ರೂ ತಿಳೀದೆ ಬಂದ್ರೆ ಏಳ್ಬೇಕಲ್ಲಪ್ಪ ಅಂತಾರೆ. ಇಂಗೆ ಆದ್ರೆ ಎಂಗೆ ಸ್ವಾಮಿ?" ಬರುತ್ತಿದ್ದರಂತೆ ಜನ. ಒಬ್ಬರ ಬಾಯಿಂದ ಒಬ್ಬರು ಕೇಳಿ, ತುಮಕೂರು ರಸ್ತೆಯ ಆಚೆಯಿಂದೆಲ್ಲ. ಮೇಡಂ ಇಳಿದು ಹೋಗಿ, ಇಲ್ರೀ, ಮುಗೀತು ಅಂತ ಹೇಳಿ, ಕೈಮುಗಿದು ಕಳಿಸುತ್ತಿದ್ದರಂತೆ.

ಅಂಗಡಿ ಮುಂದಿನ ಹಾರ್ನ್ ಮಾತ್ರ ನಿಂತಿರಲಿಲ್ಲ. ಒಂದು ಮಂಗಳವಾರ ಬರಲಿಲ್ಲ. ಶುಕ್ರವಾರವೂ ಬರಲಿಲ್ಲ. ಫೋನ್ ಮಾಡಿದರೆ ಯಾರೋ ಅಪರಿಚಿತ ದನಿ, ಗದಗಿನ ಕನ್ನಡ. ಹೃದಯಾಘಾತವಂತೆ. ಬೆಳಿಗ್ಗೆ ಯಜಮಾನರಿಗೆ ಸ್ನಾನ ಮಾಡಿಸಿ, ಅಂಗಿ ಹಾಕಿ, ಗುಂಡಿ ಹಾಕುತ್ತಾ ಹಾಕುತ್ತಾ ಅಲ್ಲೇ ಕುಸಿದರಂತೆ. ಯಜಮಾನರಿಗೆ ಕೂಗಲು ದನಿ ಇಲ್ಲ. ಹಾಲಿನವನು ಬಂದು ಬಾಗಿಲು ಬಡಿಯುವವರೆಗೆ ಹಾಗೇ ಇದ್ದರಂತೆ ಇಬ್ಬರೂ.

ಕ್ಲಬ್ಬಿನ ವಾಟ್ಸಾಪಿನಲ್ಲಿ ಕೈಮುಗಿದ ಚಿತ್ರಗಳು ಸುರಿದವು. ಅಧ್ಯಕ್ಷ, ಮೇಡಂ ಹೆಸರಲ್ಲಿ ಒಂದು ಕಪ್ ಇಡೋಣ, ಕಲೆಕ್ಷನ್ ಶುರು ಅಂತ ಹಾಕಿದ. ಬಂತು ನೋಡಿ ದುಡ್ಡು! ಅಂದು ಕೈ ಎತ್ತದವರೆಲ್ಲ ಧಾರಾಳವಾಗಿ ಕಳಿಸಿದರು. ಕಪ್ ಮಾಡಿಸಿಯೂ ಇನ್ನೂ ಮಿಕ್ಕಿತು. ಮಿಕ್ಕಿದ್ದರಲ್ಲಿ ಬ್ರೇಕ್ ಕ್ಲಾಸು ಒಂದು ವರ್ಷ ನಿಶ್ಚಿಂತೆಯಿಂದ ನಡೆಯುತ್ತಿತ್ತು. ನನಗೆ ಜೀವ ಬಂತು. ಮಾನ ಮರ್ಯಾದೆ ಬದಿಗಿಟ್ಟು ಆರ್.ಟಿ. ನಗರಕ್ಕೆ ಹೋದೆ. ಈಗಿನ ಖಜಾಂಚಿ ಆಡಿಟರ್ ಆಫೀಸಿನ ಹುಡುಗ, ಮೇಡಂ ಹತ್ತಿರವೇ ಕೆಲಸ ಕಲಿತವನು. ಕುರ್ಚಿ ಕೊಟ್ಟು ಕಾಫಿ ತರಿಸಿದ. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ತಲೆ ತಗ್ಗಿಸಿ ಅಂದ:

"ಅಂಕಲ್, ಕಪ್ಪಿಗೆ ಅಂತ ಹೇಳಿ ಕಲೆಕ್ಟ್ ಮಾಡಿರೋ ದುಡ್ಡು. ಬೇರೆದಕ್ಕೆ ಹಾಕೋ ಹಾಗಿಲ್ಲ. ಮಿಕ್ಕಿದ್ದು ಮುಂದಿನ ವರ್ಷದ ಕಪ್ಪಿಗೇ ಹೋಗ್ಬೇಕು. ನಿಮಗೆ ಗೊತ್ತಲ್ಲ, ಮೇಡಂ ಹಾಕಿದ ರೂಲು."

"ಸಭೆಯಲ್ಲಿ ಕೇಳಪ್ಪಾ. ಕೇಳಿ ತಗೋ."

"ಕೇಳ್ದೆ ಅಂಕಲ್. ನಾನೇ ಕೇಳ್ದೆ. ಕಪ್ಪೇ ಇರ್ಲಿ ಅಂದ್ರು."

ಆ ಹುಡುಗನ ಕಣ್ಣಲ್ಲೂ ನೀರಿತ್ತು. ನಾನು ಯಾರ ಕೊರಳಪಟ್ಟಿ ಹಿಡಿಯಲಿ ಹೇಳಿ? ಮೇಡಂ ಬದುಕಿದ್ದರೆ ಅವರೂ ಅದನ್ನೇ ಅನ್ನುತ್ತಿದ್ದರು. ಅದು ಕಪ್ಪಿನ ರೊಕ್ಕ ಅಣ್ಣಾರ, ಕಪ್ಪಿಗೆ ಕೊಟ್ಟಾರ ಅನ್ನುತ್ತಿದ್ದರು. ಅದು ಗೊತ್ತಿದ್ದೇ ನನಗೆ ಹೆಚ್ಚು ಉರಿಯುತ್ತದೆ. ಇಂಥ ಜನಕ್ಕೆ ಅಂಥ ನಿಯತ್ತು ಯಾಕೆ ಬೇಕಿತ್ತು ತಾಯಿ ಅಂತ ಎಷ್ಟೋ ಸಲ ಅವರ ಜೊತೆ ಮನಸ್ಸಿನಲ್ಲೇ ಜಗಳ ಆಡಿದ್ದೇನೆ.

ಕಪ್ ಕೊಟ್ಟ ದಿನ ಅದರದೇ ಸಣ್ಣದೊಂದು ನಕಲನ್ನು ಮನೆಯವರಿಗೆ ಅಂತ ಮಾಡಿಸಿದ್ದರು. ಅದನ್ನು ತಲುಪಿಸುವ ಕೆಲಸ ನನಗೆ ಅಂಟಿತು. ಹೋದ ಭಾನುವಾರ ಶೆಟ್ಟಿಹಳ್ಳಿಗೆ ಹೋದೆ. ಬಿಳಿ ಕಾರು ಮತ್ತೆ ಧೂಳು ಹೊದ್ದು ನಿಂತಿತ್ತು. ಬಾಗಿಲು ತೆರೆದವರು ಯಜಮಾನರ ತಂಗಿ, ಐವತ್ತರ ಆಸುಪಾಸಿನ ವಿಧವೆ. ಅಣ್ಣನನ್ನು ನೋಡಿಕೊಳ್ಳಲು ಗದಗಿನಿಂದ ಬಂದವರು. ಫೋನಿನಲ್ಲಿ ಕೇಳಿದ ದನಿ ಅವರದೇ. ಅತ್ತಿಗೆಯನ್ನು ಅವರು 'ವೈನಿ' ಅನ್ನುತ್ತಿದ್ದರು.

ಯಜಮಾನರು ಇಳಿದುಹೋಗಿದ್ದರು. ಎಡಗೈ ಮತ್ತೆ ಮಡಚಿಕೊಂಡಿತ್ತು. ಮೇಡಂ ಹೋದ ಮೇಲೆ ಫಿಸಿಯೋಥೆರಪಿ ತಪ್ಪಿಹೋಗಿದೆಯಂತೆ. ಮನೆಗೇ ಬರುವವರು ಒಂದೆರಡು ಸಲ ಬಂದು ನಿಲ್ಲಿಸಿದರಂತೆ, ಆಟೋದವರು ಬರುವುದಿಲ್ಲವಂತೆ. ಕಪ್ಪನ್ನು ಅವರ ತೊಡೆಯ ಮೇಲಿಟ್ಟೆ. ಅವರು ಬಲಗೈ ಬೆರಳಿನಿಂದ ಅಕ್ಷರಗಳನ್ನು ಒಂದೊಂದಾಗಿ ಮುಟ್ಟುತ್ತಾ ಹೋದರು. ಹೆಂಡತಿಯ ಹೆಸರು ದಾಟಿ, ಕೆಳಗಿನ ಸಾಲಿಗೆ ಬಂದಾಗ ನನ್ನ ಮುಖ ನೋಡಿದರು. "ವೇ... ಗ?" ಅಂದರು. ಬಹಳ ಕಷ್ಟಪಟ್ಟು ಅಂದರು. ನಾನು ಮುಖ ಆಚೆ ತಿರುಗಿಸಿದೆ.

ತಂಗಿ ಚಾ ತಂದುಕೊಟ್ಟು ನನ್ನೆದುರಿಗೆ ಕೂತರು. ಏನೋ ಕೇಳಬೇಕು, ಹೇಗೆ ಕೇಳುವುದು ಅಂತ ಸೆರಗಿನ ತುದಿ ಸುತ್ತುತ್ತಿದ್ದರು.

"ಅಣ್ಣಾರ, ನೀವ ಅಲ್ರೀ ಆ ಬ್ರೇಕ್ ಕಲಸೋರು? ವೈನಿ ಭಾಳ ಹೇಳ್ತಿದ್ರು ನಿಮ್ಮ ಬಗ್ಗೆ. ನಂದೂ ಲೈಸೆನ್ಸ್ ಐತ್ರಿ, ಊರಾಗ ಸ್ವಲ್ಪ ಸ್ವಲ್ಪ ಓಡಿಸೇನಿ. ಇಲ್ಲಿ ಒಮ್ಮೆ ತಗದೆ. ಆ ಗೊರಗುಂಟೆಪಾಳ್ಯದಾಗ ಲಾರಿ ನೋಡಿ ಕಾಲ ನಡಗಿಬಿಟ್ಟುವು, ಹೊಳ್ಳಿ ಬಂದೆ. ಫಿಸಿಯೋಥೆರಪಿಗೆ ಮತ್ತ ಕರಕೊಂಡ ಹೋದ್ರ ಇವ್ರ ಕೈ ಸುಧಾರಸ್ತದ ಅಂತ ಡಾಕ್ಟರ್ ಅಂದಾರ. ವೈನಿ ಅಂದಿದ್ರು, ನೀ ಯಾವಾಗರ ಬೆಂಗಳೂರಿಗೆ ಬಂದ್ರ ಮೊದಲ ಆ ಕ್ಲಾಸಿಗೆ ಹೋಗವ್ವಾ, ಅಂಜಿಕಿ ಹೋಗ್ತೈತಿ ಅಂತ."

ನಾನು ಚಾದ ಲೋಟ ನೋಡುತ್ತಾ ಕೂತೆ. ನಾನೇ ಕಲಿಸೋಣವೆಂದರೆ ಎಲ್ಲಿ ಕಲಿಸಲಿ? ರಸ್ತೆಯ ಮಧ್ಯೆ ಕಾರು ಜಾರಿಸಿ ಬ್ರೇಕ್ ಒತ್ತಿ ಅನ್ನಲಾಗುತ್ತದೆಯೇ? ಯಾರ್ಡು ಕ್ಲಬ್ಬಿಗೆ ಬಿಟ್ಟು ಬೇರೆಯವರಿಗೆ ಸಿಗುವುದಿಲ್ಲ. ಟ್ಯಾಂಕರು, ಆಂಬುಲೆನ್ಸು, ವಿಮೆ, ಒಂದೂ ನನ್ನ ಕೈಯಲ್ಲಿಲ್ಲ. ಇದನ್ನೆಲ್ಲ ಈಯಮ್ಮನಿಗೆ ಹೇಗೆ ಹೇಳಲಿ? ನಿಮ್ಮ ವೈನಿಯೇ ಲೆಕ್ಕ ಸರಿ ಮಾಡಿ ಮುಚ್ಚಿಸಿಕೊಂಡರು ಅನ್ನಲೇ?

ನನ್ನ ಮೌನವನ್ನು ಅವರು ಬೇರೆ ಥರ ತಿಳಿದರು. ಸಂಕೋಚದಿಂದ ಅಂದರು: "ಫೀಸ್ ಎಷ್ಟಾದ್ರೂ ಕೊಡ್ತೀನ್ರಿ."

"ಫೀಸಿಲ್ಲಮ್ಮ" ಅಂದೆ. ಅಷ್ಟೇ ಬಾಯಿಗೆ ಬಂದದ್ದು.

ಅವರ ಮುಖ ಅರಳಿತು. ಅಣ್ಣನ ಕಡೆ ತಿರುಗಿ, ಕೇಳಿದ್ಯಾ ಅನ್ನುವ ಹಾಗೆ ನಕ್ಕರು. ಆಮೇಲೆ ನನ್ನ ಕಡೆ ತಿರುಗಿದರು.

"ಹಂಗಾರ ಯಾವಾಗ ಬರ್ಲ್ರಿ ಅಣ್ಣಾರ?"